ಸೊಟ್ಟ ಕೊಂಬಿನ ಟಗರಿನ ಇಂಗ್ಲಿಷ್ ಪಾಠ

ಪರ್ವತಯ್ಯ ಮೇಷ್ಟ್ರು ಬೆಂಗಳೂರಿಗೆ ಹೋಗುವಾಗ ಜಾಲಿಹಟ್ಟಿ ಹೈಸ್ಕೂಲಿನ ಬರೀ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಬರುವಾಗ ತರಬೇತಿ ಪಡೆದ ಇಂಗ್ಲಿಷ್ ಮೇಷ್ಟ್ರಾಗಿ ಬಂದರು. ಈ ಎರಡಕ್ಕೂ ಇರುವ ಅಂತರ ಜಾಲಿಹಟ್ಟಿಯ ಜನಕ್ಕೆ ತಾನಾಗಿಯೇ ತಿಳಿಯುವಂಥದ್ದಲ್ಲವಾದ್ದರಿಂದ, ತಿಳಿಸುವ ಹೊಣೆಯನ್ನು ಅವರೇ ಹೊತ್ತುಕೊಂಡರು. ಮಧುಗಿರಿಯಲ್ಲಿ ಬಸ್ಸು ಬದಲಿಸುವ ಹೊತ್ತಿನಲ್ಲಿ ಒಂದು ಹೊಸ ಕೊಡೆ ಕೊಂಡರು. ಮಳೆಗಾಲ ಮುಗಿದು ತಿಂಗಳಾಗಿತ್ತು, ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಆದರೂ ತರಬೇತಿ ಪಡೆದವರ ಕೈ ಖಾಲಿ ಇದ್ದರೆ ನೋಡುವವರಿಗೆ ಚೆನ್ನಾಗಿರುವುದಿಲ್ಲ ಎಂದು ಅವರಿಗೆ ಅನ್ನಿಸಿತ್ತು.

ತರಬೇತಿಯಿಂದ ಅವರು ತಂದದ್ದು ಆ ಕೊಡೆ ಬಿಟ್ಟರೆ ಒಂದೇ ಒಂದು ಮಾತು. 'ಅರ್ಥವಾಯಿತೇ?' ಎಂದು ಮಕ್ಕಳನ್ನು ಕೇಳಲೇಬಾರದು. ಕೇಳಿದರೆ ಎಲ್ಲರೂ 'ಎಸ್ ಸಾರ್' ಎನ್ನುತ್ತಾರೆ. ನಿಜವಾಗಿ ಅರ್ಥವಾಗಿದೆಯೇ ಎಂದು ನೋಡಬೇಕಾದರೆ, ಉತ್ತರ ನಮಗೆ ಮೊದಲೇ ಗೊತ್ತಿರುವ ಒಂದು ಸಣ್ಣ ಪ್ರಶ್ನೆ ಕೇಳಬೇಕು. ಈ ಮಾತು ಕಿವಿಗೆ ಬಿದ್ದಾಗ ಪರ್ವತಯ್ಯನವರ ಎದೆ ಧಸಕ್ಕೆಂದಿತ್ತು. ಅವರ ಕ್ಲಾಸಿನಷ್ಟು ಜೋರಾಗಿ 'ಎಸ್ ಸಾರ್' ಎನ್ನುವ ಕ್ಲಾಸು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಓದುವವರೆಲ್ಲ ಕುರಿ ಸಾಕುವ ಮನೆಗಳ ಮಕ್ಕಳು. ಹಟ್ಟಿಯಲ್ಲಿ ಹಿರಿಯರು ಕಥೆ ಹೇಳುವಾಗ ಯಾರಾದರೊಬ್ಬರು 'ಹೂಂ' ಅನ್ನುತ್ತಲೇ ಇರಬೇಕು, ಅನ್ನದಿದ್ದರೆ ಹೇಳುವವರಿಗೆ ಅವಮಾನ. ಮೇಷ್ಟ್ರಿಗೂ ಅದೇ ಮರ್ಯಾದೆ ಸಲ್ಲಲಿ ಎಂದು ಮಕ್ಕಳು ವಾಕ್ಯಕ್ಕೊಂದು 'ಎಸ್ ಸಾರ್' ಹಾಕಿ ಹೂಂಗುಟ್ಟುತ್ತಿದ್ದರು. ಆ ಹೂಂಗುಟ್ಟುವಿಕೆಯನ್ನೇ ವಿದ್ಯೆ ಎಂದು ನಂಬಿ ಪರ್ವತಯ್ಯನವರು ವರ್ಷವೆಲ್ಲ ಬೀಗಿದ್ದರು. ಇನ್ನು ಮೇಲೆ ಹಾಗಾಗಕೂಡದು ಎಂದು ಬಸ್ಸಿನಲ್ಲೇ ಶಪಥ ಮಾಡಿದರು.

ಶಪಥದ ಮೊದಲ ಪೆಟ್ಟು ಬಿದ್ದದ್ದು ಅವರ ಹೆಂಡತಿ ರಾಜಲಕ್ಷ್ಮಮ್ಮನವರ ಮೇಲೆ.

"ರಾಜೂ, ಒಂದು ಲೋಟ ಕಾಫಿ ಕೊಡು" ಎಂದರು ಮೇಷ್ಟ್ರು, ಕೊಡೆಯನ್ನು ಗೋಡೆಗೆ ಒರಗಿಸುತ್ತಾ. ಆಕೆ "ಹೂಂ" ಎಂದು ಒಳಗೆ ಹೊರಟರು.

"ನಿಲ್ಲು. ಹೂಂ ಅಂದರೆ ಸಾಲದು. ಈಗ ಹೇಳು, ಕಾಫಿ ಬೇಕಾಗಿರೋದು ನಿನಗೋ ನನಗೋ?"

ರಾಜಲಕ್ಷ್ಮಮ್ಮ ತಿರುಗಿ ನಿಂತು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮಗೆ."

"ಭೇಷ್. ಈ ಕಾಫಿಯನ್ನ ನಾನು ಕುಡೀತೀನೋ, ತಲೆ ಮೇಲೆ ಹುಯ್ಕೋತೀನೋ?"

"ಇನ್ನೊಂದು ಪ್ರಶ್ನೆ ಕೇಳಿದರೆ ಎರಡನೇದೇ ಆಗುತ್ತೆ" ಎಂದು ಆಕೆ ಒಳಗೆ ಹೋದರು. ಮೇಷ್ಟ್ರಿಗೆ ಬೇಸರವಾಗಲಿಲ್ಲ. ಆಕೆಗೆ ವಿಷಯ ಪೂರ್ತಿ ಅರ್ಥವಾಗಿದೆ ಎಂಬುದು ಆ ಉತ್ತರದಿಂದಲೇ ಖಚಿತವಾಗಿತ್ತಲ್ಲ!

ಮಾರನೆಯ ದಿನ ಒಂಬತ್ತನೇ ಕ್ಲಾಸಿನ ಪಾಠದಲ್ಲಿ 'ಲೆಂಡ್' ಎಂಬ ಪದ ಬಂತು. ಕೊಡುವುದು ಹೌದು, ಆದರೆ ಕೊಟ್ಟದ್ದು ತಿರುಗಿ ಬರಬೇಕು ಎಂಬುದು ಆ ಪದದ ಅರ್ಥ. ಉದಾಹರಣೆಗೆ ಮಕ್ಕಳು ಬಲ್ಲ ಹೆಸರುಗಳನ್ನೂ ಮಕ್ಕಳು ಬಲ್ಲ ವಸ್ತುಗಳನ್ನೂ ಬಳಸಿ ಎಂದು ತರಬೇತಿಯಲ್ಲಿ ಹೇಳಿದ್ದರು. ಮೇಷ್ಟ್ರು ಹಾಜರಿ ಪುಸ್ತಕ ತೆರೆದು, ಮಕ್ಕಳ ತಂದೆಯರ ಹೆಸರಿನ ಕಡೆ ಕಣ್ಣು ಹಾಯಿಸಿ, ಕಣ್ಣಿಗೆ ಬಿದ್ದ ಎರಡನ್ನು ಆರಿಸಿಕೊಂಡರು. ಓಬಯ್ಯ ಒಬ್ಬ, ಕಾಟಪ್ಪ ಇನ್ನೊಬ್ಬ. ವಸ್ತುವಿನ ವಿಚಾರದಲ್ಲಿ ಯೋಚಿಸುವುದೇ ಇರಲಿಲ್ಲ. ಹಟ್ಟಿಯ ಮಕ್ಕಳಿಗೆ ಕುರಿಗಿಂತ ಹತ್ತಿರದ್ದು ಯಾವುದಿದೆ? ಟಗರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಆ ಕ್ಷಣಕ್ಕೆ ಹೊಳೆಯಲಿಲ್ಲವಾಗಿ ಶೀಪ್ ಎಂದರು. ಶೀಪ್ ಎಂದರೆ ಟಗರೇ ಎಂದು ತಿಳಿಯಲಿ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಎರಡು ಕೊಂಬು ಇಟ್ಟರು. ಎರಡನೇ ಕೊಂಬು ಬರೆಯುವಾಗ ಸೀಮೆಸುಣ್ಣ ಮುರಿದು, ಕೊಂಬು ಸೊಟ್ಟಗೆ ಕೆಳಗಿಳಿದು ಟಗರಿನ ಗಲ್ಲಕ್ಕೆ ತಾಗಿತು.

ಕ್ಲಾಸಿನಲ್ಲಿ ಉಸಿರಿನ ಸದ್ದೂ ನಿಂತಿತು.

ಇದರ ಕಾರಣ ಮೇಷ್ಟ್ರಿಗೆ ಬಿಟ್ಟು ಜಾಲಿಹಟ್ಟಿಯ ಕೂಸಿಗೂ ಗೊತ್ತಿತ್ತು. ಹಟ್ಟಿಯಲ್ಲಿ ಇದ್ದದ್ದು ಒಬ್ಬನೇ ಓಬಯ್ಯ, ಒಬ್ಬನೇ ಕಾಟಪ್ಪ. ಮೂರು ವರ್ಷದ ಹಿಂದೆ ಕಾಟಪ್ಪನ ಮಂದೆಯಲ್ಲಿ ಒಳ್ಳೆಯ ಟಗರಿಲ್ಲದೆ ಓಬಯ್ಯ ತನ್ನ ಬೀಜದ ಟಗರನ್ನು ಕೊಟ್ಟಿದ್ದ. ಕುರಿ ಸಾಕುವವರಲ್ಲಿ ಇದು ನಡೆದು ಬಂದ ಪದ್ಧತಿ. ಕುರಿ ಗಬ್ಬವಾಗುವ ಒಂದು ಕಾಲ ಮುಗಿದ ಮೇಲೆ ಟಗರು ಮನೆಗೆ ಬರಬೇಕು. ಅದು ಬರಲಿಲ್ಲ. ಓಬಯ್ಯ ಬಾಯಿ ಬಿಟ್ಟು ಕೇಳಲಿಲ್ಲ, ಕೇಳಿದರೆ ಸಣ್ಣವನಾಗುತ್ತೇನೆಂದು. ಕಾಟಪ್ಪ ತಾನಾಗಿ ಕೊಡಲಿಲ್ಲ, ಕೇಳದೆ ಕೊಟ್ಟರೆ ಸೋತಂತೆಂದು. ಇಬ್ಬರೂ ಎದುರಾದಾಗ ಮಳೆ ಬೆಳೆ ಮಾತಾಡುತ್ತಿದ್ದರು. ಆ ಟಗರಿಗೂ ಒಂದು ಕೊಂಬು ಸೊಟ್ಟಗಿದ್ದು ಗಲ್ಲಕ್ಕೆ ತಾಗುತ್ತಿತ್ತು.

"ಓಬಯ್ಯ ಲೆಂಟ್ ಎ ಶೀಪ್ ಟು ಕಾಟಪ್ಪ" ಎಂದು ಘೋಷಿಸಿ ಮೇಷ್ಟ್ರು ತಮ್ಮ ಹೊಸ ಅಸ್ತ್ರ ತೆಗೆದರು. "ಈಗ ಹೇಳಿ. ಟಗರು ಯಾರದ್ದು?"

ಹತ್ತಿಪ್ಪತ್ತು ಮಕ್ಕಳು "ಓಬಯ್ಯ ಸಾರ್!" ಎಂದು ಕೂಗಿದರು. ಉಳಿದ ಹತ್ತಿಪ್ಪತ್ತು "ಕಾಟಪ್ಪ ಸಾರ್!" ಎಂದು ಅದಕ್ಕಿಂತ ಜೋರಾಗಿ ಕೂಗಿದರು.

ಮೇಷ್ಟ್ರಿಗೆ ರೋಮಾಂಚನವಾಯಿತು. ನೋಡಿ, ಹಿಂದಿನಂತೆ ಅರ್ಥವಾಯಿತೇ ಎಂದಿದ್ದರೆ ಎಲ್ಲರೂ ಎಸ್ ಎನ್ನುತ್ತಿದ್ದರು! ಅರ್ಧ ಕ್ಲಾಸಿಗೆ ಅರ್ಥವಾಗಿಲ್ಲ ಎಂಬ ಸತ್ಯ ಹೊರಬಂದದ್ದು ಈ ವಿಧಾನದಿಂದಲ್ಲವೇ? ಅವರು ಮತ್ತೆ ವಿವರಿಸಿದರು, ಮತ್ತೆ ಕೇಳಿದರು. "ಕಾಟಪ್ಪ ಮಸ್ಟ್ ಗಿವ್ ಬ್ಯಾಕ್? ಎಸ್ ಆರ್ ನೋ?" ಓಬಯ್ಯನ ಕಡೆಯವರು ಎಸ್ ಎಂದರು, ಕಾಟಪ್ಪನ ಕಡೆಯವರು ನೋ ಎಂದರು. ಮೇಷ್ಟ್ರು ಬಿಡಲಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಕಾಟಪ್ಪನ ದೂರದ ನೆಂಟರೆಲ್ಲ ಒಬ್ಬೊಬ್ಬರಾಗಿ ಎಸ್ ಕಡೆಗೆ ಬಂದಿದ್ದರು. ಎರಡನೇ ಸಾಲಿನಲ್ಲಿದ್ದ ಕೊಲ್ಲಾಪುರಮ್ಮ ಎಂಬ ಹುಡುಗಿ ಮಾತ್ರ, ಕಣ್ಣಲ್ಲಿ ನೀರು ತುಂಬಿಕೊಂಡು, "ನೋ ಸಾರ್" ಎನ್ನುತ್ತಲೇ ಇದ್ದಳು. ಆಕೆ ಕಾಟಪ್ಪನ ಮಗಳೆಂಬುದು ಮೇಷ್ಟ್ರ ಕೈಯಲ್ಲಿದ್ದ ಹಾಜರಿ ಪುಸ್ತಕದಲ್ಲೇ ಬರೆದಿತ್ತು. ಆದರೆ ತರಬೇತಿ ಪಡೆದವರು ಅಷ್ಟು ಹತ್ತಿರದ್ದನ್ನು ನೋಡುವುದು ಅಪರೂಪ.

ಸಂಜೆಯೊಳಗೆ ಹಟ್ಟಿಯಲ್ಲೆಲ್ಲ ಅದೇ ಮಾತಾಯಿತು.

"ಮೇಷ್ಟ್ರಿಗೆ ಉತ್ರ ಗೊತ್ತಿತ್ತಾ, ಇಲ್ವಾ?" ಎಂದು ಓಬಯ್ಯ ತನ್ನ ಮಗ ಜುಂಜಪ್ಪನನ್ನು ಕೇಳಿದ.

"ಗೊತ್ತಿತ್ತು ಕಣಪ್ಪ. ಗೊತ್ತಿದ್ಕಂಡೇ ಕೇಳ್ತಿದ್ರು. ನಾವು ಸರಿಯಾಗಿ ಯೋಳಾಗಂಟ ಬುಡ್ನಿಲ್ಲ."

ಓಬಯ್ಯನ ತಾಯಿ ಭೀಮಕ್ಕ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಗೊತ್ತಿರಾದ್ನ ಕೇಳೋರು ಲೋಕದಾಗೆ ಒಬ್ರೇ ಕಣ್ಲಾ, ಮಧುಗಿರಿ ಕೋರ್ಟಿನ ಲಾಯರ್ರು. ನಮ್ ಜಮೀನಿನ ಯಾಜ್ಯದಾಗೆ 'ನಿನ್ನ ಹೆಸರು ಭೀಮಕ್ಕನೇನಮ್ಮ' ಅಂತ ಕೇಳಿದ್ರು. ಕಾಗ್ದ ಕೈಯಾಗೇ ಇತ್ತು! ಮೇಷ್ಟ್ರು ಸುಮ್ಕೆ ಕೇಳಿಲ್ಲ. ಬೆಂಗ್ಳೂರ್ನಿಂದ ಯೋಳಿ ಕಳ್ಸವ್ರೆ."

ಹೀಗೆ ಸರ್ಕಾರವೇ ತನ್ನ ಟಗರಿನ ಬೆನ್ನಿಗೆ ನಿಂತಿದೆ ಎಂದು ತಿಳಿದು ಓಬಯ್ಯ ಒಂದು ತಂಬಿಗೆ ಕುರಿಹಾಲು ಹಿಡಿದುಕೊಂಡು ಮೇಷ್ಟ್ರ ಮನೆಗೆ ಬಂದ. ಟಗರಿನ ಹೆಸರೆತ್ತಿದರೆ ಸಣ್ಣವನಾಗುತ್ತಾನಲ್ಲ, ಅದಕ್ಕೆ ಹೆಸರೆತ್ತಲಿಲ್ಲ.

"ಒಳ್ಳೆ ಪ್ರಶ್ನೆ ಕೇಳಿದ್ರಿ ಮೇಷ್ಟ್ರೇ. ಮೂರು ವರ್ಸದಿಂದ ಈ ಊರ್ನಾಗೆ ಒಬ್ಬನಾದ್ರೂ ಆ ಪ್ರಶ್ನೆ ಕೇಳಿರ್ನಿಲ್ಲ" ಎಂದ.

ಮೇಷ್ಟ್ರ ಎದೆ ಉಬ್ಬಿತು. ಪಾಠ ಮಾಡುವ ವಿಧಾನವನ್ನು ಇಷ್ಟು ಆಳವಾಗಿ ಮೆಚ್ಚುವ ಪೋಷಕರು ಅವರು ಹಿಂದೆ ಕೆಲಸ ಮಾಡಿದ್ದ ಕೊರಟಗೆರೆಯಲ್ಲೂ ಸಿಕ್ಕಿರಲಿಲ್ಲ. "ಇದು ಹೊಸ ಪದ್ಧತಿ ಓಬಯ್ಯ. ಎಲ್ಲರೂ ಒಪ್ಪೋವರೆಗೂ ಬಿಡೋ ಹಾಗಿಲ್ಲ."

"ಬುಡಬ್ಯಾಡಿ ಸಾರ್."

"ಒಬ್ಬಳು ಮಾತ್ರ ಇನ್ನೂ ಒಪ್ಪಿಲ್ಲ. ಅವಳನ್ನೂ ಒಪ್ಪಿಸ್ತೀನಿ."

"ಒಪ್ಪುಸ್ರಿ ಸಾರ್, ನಿಮ್ ಪುಣ್ಯ!" ಎಂದು ಕೈಮುಗಿದು ಓಬಯ್ಯ ಹೋದ. ಮೇಷ್ಟ್ರು ಹೆಂಡತಿಯ ಕಡೆ ತಿರುಗಿ, "ನೋಡಿದೆಯಾ?" ಎಂದರು. ರಾಜಲಕ್ಷ್ಮಮ್ಮ, "ನೋಡಿದೆ. ಹಾಲು ತಂದೋರು ಯಾರು, ಓಬಯ್ಯನೋ ನಾನೋ ಅಂತ ಕೇಳಬೇಡಿ, ನನಗೆ ಅರ್ಥವಾಗಿದೆ" ಎಂದರು.

ಮರುದಿನ ಬೆಳಿಗ್ಗೆ ಕಾಟಪ್ಪ ಬಂದ. ಆಳು ಎತ್ತರ, ಮೀಸೆ ದಪ್ಪ. ಜಗಲಿಯ ಮೇಲೆ ಕೂರಲಿಲ್ಲ. ಅವನೂ ಟಗರಿನ ಹೆಸರೆತ್ತುವ ಪೈಕಿಯಲ್ಲ.

"ಮೇಷ್ಟ್ರೇ, ನಾನು ಕೊಲ್ಲಾಪುರಮ್ಮನ ಅಪ್ಪ. ಪಾಠದಾಗೆ ಬ್ಯಾರೆ ಪ್ರಾಣಿ ಯಾವ್ದೂ ಇಲ್ವಾ?"

"ಯಾಕಿಲ್ಲ? ಆನೆ ಇದೆ, ಒಂಟೆ ಇದೆ."

"ಅಂಗಾರೆ ನಾಳೆಯಿಂದ ಆನೆ ಹಾಕ್ಕಳಿ."

"ಆನೆ ಹತ್ತನೇ ಕ್ಲಾಸಿಗೆ ಕಾಟಪ್ಪ" ಎಂದು ಮೇಷ್ಟ್ರು ನಕ್ಕರು. ಮಕ್ಕಳ ಶಬ್ದಭಂಡಾರದ ಬಗ್ಗೆ ಇಷ್ಟೊಂದು ಕಾಳಜಿ! "ನಿನ್ನ ಮಗಳಿಗೆ ಟಗರೇ ಇನ್ನೂ ಸರಿಯಾಗಿ ಬಂದಿಲ್ಲ."

ಕಾಟಪ್ಪನ ಮೀಸೆ ಅಲುಗಿತು. "ಮೂರು ವರ್ಸ ಮೇವು ಹಾಕ್ದೋನು, ಕಾಯಿಲೆ ಬಂದ್ರೆ ರಾತ್ರಿಯೆಲ್ಲ ನಿದ್ದೆಗೆಟ್ಟೋನು ಇದ್ರೆ, ಅವನಿಗೇನೂ ಇಲ್ವಾ ನಿಮ್ ಇಂಗ್ಲೀಷ್ನಾಗೆ?"

ಮಗಳ ಓದಿಗಾಗಿ ನಿದ್ದೆಗೆಟ್ಟ ತಂದೆಯ ಮಾತೆಂದು ತಿಳಿದು ಮೇಷ್ಟ್ರ ಕಣ್ಣು ತೇವವಾಯಿತು. "ಇದೆ ಕಾಟಪ್ಪ, ಖಂಡಿತ ಇದೆ. ನಿನ್ನ ಶ್ರಮ ದಂಡ ಆಗೋಕೆ ನಾನು ಬಿಡೋದಿಲ್ಲ" ಎಂದು ಅವನ ಭುಜ ತಟ್ಟಿದರು. ಹೀಗೆ ಒಂದೇ ಟಗರನ್ನು ಮೇಷ್ಟ್ರು ಇಪ್ಪತ್ತನಾಲ್ಕು ಗಂಟೆಯೊಳಗೆ ಇಬ್ಬರಿಗೂ ಕೊಡಿಸುವ ಭರವಸೆ ಕೊಟ್ಟು ಶಾಲೆಗೆ ಹೋದರು.

ಕೊಲ್ಲಾಪುರಮ್ಮ ಮಾತ್ರ ಅವರ ಹೆಮ್ಮೆಯೊಳಗೆ ಮುಳ್ಳಾಗಿ ಕೂತಿದ್ದಳು. ಮೇಷ್ಟ್ರು ಅವಳಿಗಾಗಿಯೇ ಹೊಸ ಕೊಡೆಯನ್ನು ಕ್ಲಾಸಿಗೆ ತಂದರು. ಕೊಡೆಯನ್ನು ಜುಂಜಪ್ಪನ ಕೈಗೆ ಕೊಟ್ಟು, "ಐ ಲೆಂಟ್ ಮೈ ಅಂಬ್ರೆಲಾ. ಮಸ್ಟ್ ಹಿ ಗಿವ್ ಬ್ಯಾಕ್?" ಎಂದು ಕೇಳಿದರು.

"ಎಸ್ ಸಾರ್. ಹಿ ಮಸ್ಟ್ ಗಿವ್ ಬ್ಯಾಕ್" ಎಂದಳು ಕೊಲ್ಲಾಪುರಮ್ಮ, ಒಂದಕ್ಷರ ತಪ್ಪಿಲ್ಲದೆ.

ಚೊಂಬು ಕೊಟ್ಟರು. ಚೊಂಬು ವಾಪಸ್ ಬರಬೇಕು ಎಂದಳು. ಹೆಡ್‌ಮಾಸ್ತರರ ಸೈಕಲ್ಲೂ ವಾಪಸ್ ಬರಬೇಕು ಎಂದಳು. ಕೊನೆಗೆ ಮೇಷ್ಟ್ರು ಬೋರ್ಡಿನ ಟಗರಿನ ಕಡೆ ಬೊಟ್ಟು ಮಾಡಿದರು.

"ನೋ ಸಾರ್."

"ಕೊಡೆ ಬರಬೇಕು, ಚೊಂಬು ಬರಬೇಕು, ಸೈಕಲ್ ಬರಬೇಕು, ಟಗರು ಯಾಕಮ್ಮ ಬರಬಾರದು?"

ಹುಡುಗಿ ತಲೆ ತಗ್ಗಿಸಿದಳು. ಮೇಷ್ಟ್ರು ಗಾಢವಾಗಿ ಯೋಚಿಸಿ, ತೊಂದರೆ ಇರುವುದು ಟಗರಿನ ಚಿತ್ರದಲ್ಲಿ ಎಂಬ ತೀರ್ಮಾನಕ್ಕೆ ಬಂದರು. ಚಿತ್ರಕ್ಕೆ ಬಾಲ ಸೇರಿಸಿದರು.

ಅಷ್ಟರಲ್ಲಿ ಕ್ಲಾಸಿನ ಕಿಟಕಿಗಳಿಗೆ ತಲೆಗಳು ಹತ್ತಿಕೊಂಡಿದ್ದವು. ಬಲಗಡೆಯ ಕಿಟಕಿ ಓಬಯ್ಯನ ಕಡೆಯವರದ್ದು, ಎಡಗಡೆಯದು ಕಾಟಪ್ಪನ ಕಡೆಯವರದ್ದು. ಕುರಿ ಬಿಡುವ ಹೊತ್ತು ಮೀರಿದರೂ ಯಾರಿಗೂ ಚಿಂತೆಯಿಲ್ಲ. 'ಎಸ್' ಬಂದರೆ ಬಲಗಡೆ ಸಿಳ್ಳೆ, 'ನೋ' ಬಂದರೆ ಎಡಗಡೆ ಸಿಳ್ಳೆ. ತಿಂಗಳೊಳಗೆ ಆ ಎರಡು ಇಂಗ್ಲಿಷ್ ಪದ ಬಾರದ ಮನುಷ್ಯ ಜಾಲಿಹಟ್ಟಿಯಲ್ಲಿ ಉಳಿಯಲಿಲ್ಲ. ಮಳೆ ಬೆಳೆ ಬಿಟ್ಟು ಬೇರೇನೂ ಮಾತಾಡದೆ ಓಡಾಡುತ್ತಿದ್ದ ಮನೆಗಳು ಈಗ 'ಎಸ್ ಮನೆ', 'ನೋ ಮನೆ' ಎನ್ನಿಸಿಕೊಂಡವು. ಪರ್ವತಯ್ಯನವರಂತೂ ಇಷ್ಟು ಜನ ತಮ್ಮ ಪಾಠ ಕೇಳಲು ಬರುತ್ತಿದ್ದಾರೆಂದು ನೆಲದ ಮೇಲೆ ನಿಲ್ಲಲಿಲ್ಲ. ಕಿಟಕಿಯವರಿಗೂ ಕೇಳಿಸಲೆಂದು ಗಂಟಲು ಏರಿಸಿದರು.

ಹೆಡ್‌ಮಾಸ್ತರ್ ಕದರಪ್ಪನವರು ಪಾವಗಡದ ಕಡೆಯವರು, ಗಾಬರಿಯಾದರೆ ತೆಲುಗಿಗೆ ಇಳಿಯುವವರು. ಒಂದು ಮಧ್ಯಾಹ್ನ ಅವರು ಮೇಷ್ಟ್ರನ್ನು ಒಳಗೆ ಕರೆದರು.

"ಏಮಯ್ಯಾ ಪರ್ವತಯ್ಯ, ನಿಮ್ಮ ಮೇಲೆ ಅರ್ಜಿ ಹೋಗಿದೆ. ಯಾರು ಹಾಕಿದರೋ ಗೊತ್ತಿಲ್ಲ. ಇನ್ಸ್‌ಪೆಕ್ಟರ್ ಮಹಾಲಿಂಗಯ್ಯನವರು ಸೋಮವಾರ ಬರ್ತಾರಂತೆ. ಪಾಠ ಸರಿಯಿಲ್ಲ ಅಂತ ಕಂಡರೆ ನಿಮ್ಮನ್ನ ಗಡಿ ಅಂಚಿನ ಊರಿಗೆ ಎತ್ತಿ ಹಾಕ್ತಾರೆ. ಖರ್ಮರಾ ಬಾಬೂ!"

ಪರ್ವತಯ್ಯನವರು ನಕ್ಕರು. ಅರ್ಜಿ ಎಂದರೆ ಹೊಟ್ಟೆಕಿಚ್ಚಿನದೇ ಇರಬೇಕು ಎಂದುಕೊಂಡರು. ಆದರೆ ಮನೆಗೆ ಬಂದು ಹೇಳಿದಾಗ ರಾಜಲಕ್ಷ್ಮಮ್ಮ ನಗಲಿಲ್ಲ. "ಐದು ವರ್ಷದಲ್ಲಿ ನಾಲ್ಕು ಊರು ಸುತ್ತಿಸಿದ್ದೀರಿ. ಇಲ್ಲಿ ಈಗ ತಾನೇ ನಾಲ್ಕು ಜನ ಅಕ್ಕ ಅಂತ ಕರೀತಿದ್ದಾರೆ. ಈ ಸಲ ಗಂಟು ಕಟ್ಟೋಕೆ ನನ್ನ ಕೈಲಾಗಲ್ಲ" ಎಂದರು. ಮೇಷ್ಟ್ರು ಮೊದಲ ಬಾರಿಗೆ ನಗು ನಿಲ್ಲಿಸಿ ಸೋಮವಾರದ ಪಾಠ ತೆರೆದು ಕೂತರು.

ಸೋಮವಾರ ಮಹಾಲಿಂಗಯ್ಯನವರು ಬಂದರು. ದಪ್ಪ ಕನ್ನಡಕ, ಬಿಗಿದ ತುಟಿ. ಕ್ಲಾಸಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಎರಡೂ ಕಿಟಕಿಗಳಲ್ಲಿ ಕಿಕ್ಕಿರಿದಿದ್ದ ಜನರನ್ನು ನೋಡಿ ಹುಬ್ಬು ಗಂಟಿಕ್ಕಿದರು. ಒಂದು ಚೂರು ಪಾಠ ಕೇಳಿ, ಮಕ್ಕಳ ಕಡೆ ತಿರುಗಿ ಕೇಳಿಯೇ ಬಿಟ್ಟರು.

"ಡು ಯು ಅಂಡರ್‌ಸ್ಟ್ಯಾಂಡ್?"

ಇಡೀ ಕ್ಲಾಸು ಬಾಯಿಗೆ ಬೀಗ ಹಾಕಿಕೊಂಡಿತು. ಆ ಪ್ರಶ್ನೆಗೆ ಯಾರೇ ಉತ್ತರ ಕೊಟ್ಟರೂ ಬೆಂಚಿನ ಮೇಲೆ ನಿಲ್ಲಿಸುತ್ತೇನೆಂದು ಮೇಷ್ಟ್ರು ತಿಂಗಳ ಹಿಂದೆಯೇ ಕಟ್ಟಪ್ಪಣೆ ಮಾಡಿದ್ದರು.

ಸಾಹೇಬರು ಮತ್ತೆ ಕೇಳಿದರು. ಒಬ್ಬ ಹುಡುಗ ಕೆಮ್ಮಿದ, ಅಷ್ಟೇ. ಕದರಪ್ಪನವರು "ದೇವುಡಾ" ಎಂದು ಕರವಸ್ತ್ರ ತೆಗೆದರು.

"ಸಾರ್, ಇದೇ ನಮ್ಮ ಸಾಧನೆ!" ಎಂದರು ಪರ್ವತಯ್ಯನವರು, ಮುಖ ಅರಳಿಸಿ.

"ಒಬ್ಬರಿಗೂ ಬಾಯಿಲ್ಲದಿರೋದು ಸಾಧನೆಯೇನ್ರೀ?" ಎಂದು ಸಾಹೇಬರು ಎದ್ದು ನಿಂತರು. "ಅರ್ಜಿಯಲ್ಲಿ ಬರೆದದ್ದು ನಿಜ ಅಂತಾಯ್ತು. ನೀವು ಪಾಠ ಬಿಟ್ಟು ಕ್ಲಾಸಿನಲ್ಲಿ ಪಂಚಾಯ್ತಿ ಮಾಡ್ತೀರಂತೆ. ಓಬಯ್ಯ ಅನ್ನೋನು ಕಾಟಪ್ಪ ಅನ್ನೋನಿಗೆ ಕೊಟ್ಟ ಟಗರನ್ನ ವಾಪಸ್ ಕೊಡಬೇಕು ಅಂತ ದಿನಾ ಮಕ್ಕಳ ಕೈಲಿ ತೀರ್ಪು ಹೇಳಿಸ್ತೀರಂತೆ. ಆ ಟಗರಿಗೆ ಒಂದು ಕೊಂಬು ಸೊಟ್ಟಗಿದೆಯಂತೆ!"

ಪರ್ವತಯ್ಯನವರು ಬೋರ್ಡಿನ ಮೇಲಿನ ಕೊಂಬು ನೋಡಿದರು. ಬಲಗಡೆ ಕಿಟಕಿಯಲ್ಲಿ ಓಬಯ್ಯನನ್ನು ನೋಡಿದರು. ಎಡಗಡೆ ಕಿಟಕಿಯಲ್ಲಿ ಕಾಟಪ್ಪನ ಮೀಸೆ ನೋಡಿದರು. ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿದ್ದ ಹುಡುಗಿಯನ್ನು ನೋಡಿದರು. ಕುರಿಹಾಲು, ಆನೆ, ನಿದ್ದೆಗೆಟ್ಟ ರಾತ್ರಿ ಎಲ್ಲವೂ ಒಂದರ ಹಿಂದೊಂದು ಬಂದು ಅವರ ತಲೆಯೊಳಗೆ ಸಾಲಾಗಿ ನಿಂತವು. ಇಡೀ ಊರಿಗೆ ಅರ್ಥವಾಗಿದೆಯೇ ಎಂದು ತಿಂಗಳಿಡೀ ಪರೀಕ್ಷೆ ಮಾಡಿದವರಿಗೆ, ಏನೂ ಅರ್ಥವಾಗದೆ ಉಳಿದಿದ್ದ ಒಬ್ಬನೇ ಒಬ್ಬ ದಡ್ಡ ವಿದ್ಯಾರ್ಥಿ ಕೊನೆಗೂ ಸಿಕ್ಕಿದ್ದ.

"ಸಾರ್, ನನಗೆ... ನಾನು ಕೊಡೆಯಲ್ಲೂ ಹೇಳಿಕೊಟ್ಟಿದ್ದೇನೆ ಸಾರ್" ಎಂದು ತೊದಲಿದರು.

"ಕೊಡೆ ಬೇಡ. ಟಗರಿನ ಪ್ರಶ್ನೆಯನ್ನೇ ಕೇಳಿ, ನೋಡೋಣ. ಅವಳು ಹೇಳಲಿ" ಎಂದು ಸಾಹೇಬರು ಬೊಟ್ಟು ಮಾಡಿದ್ದು ಕೊಲ್ಲಾಪುರಮ್ಮನ ಕಡೆಗೆ.

ಹುಡುಗಿ ಎದ್ದು ನಿಂತಳು. ಎರಡೂ ಕಿಟಕಿಗಳಲ್ಲಿ ಸಿಳ್ಳೆಯಿಲ್ಲ. ಪರ್ವತಯ್ಯನವರಿಗೆ ಅಯ್ಯೋ ಅನ್ನಿಸಿತು. ಎಸ್ ಎಂದರೆ ಅವಳು ಮನೆಗೆ ಹೋಗುವುದು ಹೇಗೆ? ನೋ ಎಂದರೆ ತಮ್ಮ ಗಂಟುಮೂಟೆ ಕಟ್ಟಿದಂತೆಯೇ. ಆ ಮಗುವನ್ನು ತಿಂಗಳಿಡೀ ಎಂಥ ಇಕ್ಕಟ್ಟಿಗೆ ಸಿಕ್ಕಿಸಿದೆನಲ್ಲಾ ಎಂದು ಆಗ ಹೊಳೆಯಿತು. ವರ್ಗವಾದರೆ ಆಗಲಿ ಎಂದುಕೊಂಡರು.

"ಕೂತ್ಕೋ ತಾಯಿ" ಎಂದರು ಮೆತ್ತಗೆ. "ಈ ಪ್ರಶ್ನೆ ನಿನಗಲ್ಲ. ಸಾರ್, ತಪ್ಪು ನನ್ನದು. ಈ ಹುಡುಗಿಗೆ ಎಲ್ಲಾ ಬರುತ್ತೆ. ಅವಳನ್ನ ಬಿಟ್ಟುಬಿಡಿ."

ಕೊಲ್ಲಾಪುರಮ್ಮ ಕೂರಲಿಲ್ಲ. ತನಗೆ ಎಲ್ಲಾ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದು ಅದೇ ಮೊದಲು. ಎಡಗಡೆಯ ಕಿಟಕಿಯನ್ನು ಒಮ್ಮೆ ನೋಡಿದಳು. ಬೋರ್ಡಿನ ಟಗರನ್ನು ಒಮ್ಮೆ ನೋಡಿದಳು. ಆಮೇಲೆ ಕುರಿಗಳನ್ನು ಕೂಗಿ ಕರೆಯುವಂಥ ಗಟ್ಟಿ ಗಂಟಲಿನಲ್ಲಿ, ಯಾರೂ ಪ್ರಶ್ನೆ ಕೇಳುವ ಮೊದಲೇ, ಹೇಳಿದಳು.

"ಎಸ್ ಸಾರ್. ಓಬಯ್ಯ ಲೆಂಟ್ ದಿ ಶೀಪ್. ಕಾಟಪ್ಪ ಮಸ್ಟ್ ಗಿವ್ ಬ್ಯಾಕ್ ದಿ ಶೀಪ್ ಟು ಓಬಯ್ಯ." ಮತ್ತೆ ಎಡಗಡೆಯ ಕಿಟಕಿಯ ಕಡೆ ತಿರುಗಿದಳು. "ಕಾಟಪ್ಪ ಈಸ್ ಮೈ ಫಾದರ್, ಸಾರ್. ಹಿ ಈಸ್ ಎ ಗುಡ್ ಮ್ಯಾನ್."

ಸಾಹೇಬರು ಕನ್ನಡಕ ತೆಗೆದರು. "ಈ ವಾಕ್ಯ ನಿನಗೆ ಯಾರಮ್ಮ ಹೇಳಿಕೊಟ್ಟದ್ದು?"

"ಯಾರೂ ಇಲ್ಲ ಸಾರ್. ನಾನೇ ಯೋಳಿದ್ದು."

ಪರ್ವತಯ್ಯನವರು ಬೋರ್ಡಿನ ಕಡೆ ತಿರುಗಿ ಸುಮ್ಮಸುಮ್ಮನೆ ಸೀಮೆಸುಣ್ಣ ಹುಡುಕಿದರು. ಅವರಿಗೆ ಅಳು ಬಂದಿತ್ತು. ಹತ್ತು ವರ್ಷದ ನೌಕರಿಯಲ್ಲಿ ಅವರ ಮಕ್ಕಳು ಗೈಡಿನ ವಾಕ್ಯ ಹೇಳಿದ್ದರು, ಬೋರ್ಡಿನ ವಾಕ್ಯ ಹೇಳಿದ್ದರು. ತನ್ನ ಮನಸ್ಸಿನಲ್ಲಿದ್ದದ್ದನ್ನು ಇಂಗ್ಲಿಷಿನಲ್ಲಿ ಹೇಳಿದವಳು ಇವಳೊಬ್ಬಳೇ.

"ಏನಂದ್ಲು?" ಎಂದು ಎಡಗಡೆ ಕಿಟಕಿಯಿಂದ ಕಾಟಪ್ಪ ಕೇಳಿದ. ಎಸ್ ಬಂದದ್ದು ಕಿವಿಗೆ ಬಿದ್ದಿತ್ತು, ಮುಂದಿನದು ತಿಳಿದಿರಲಿಲ್ಲ.

ಸಾಹೇಬರೇ ಕಿಟಕಿಯ ಹತ್ತಿರ ಹೋದರು. "ನೀನೇನಯ್ಯಾ ಕಾಟಪ್ಪ? ಈ ತಾಲ್ಲೂಕಿನಲ್ಲಿ ಒಂಬತ್ತನೇ ಕ್ಲಾಸಿನ ಮಗು ಇಂಥ ಇಂಗ್ಲಿಷ್ ಆಡಿದ್ದನ್ನ ನಾನು ಕೇಳಿಲ್ಲ."

"ಅದಿರ್ಲಿ ಸಾಮಿ, ಏನಂದ್ಲು ಅಂತ ಯೋಳಿ."

"ಟಗರು ವಾಪಸ್ ಕೊಡಬೇಕು ಅಂದಳು. ನಮ್ಮಪ್ಪ ಒಳ್ಳೆಯವನು ಅಂತಲೂ ಅಂದಳು."

"ಎಲ್ಡೂ ಇಂಗ್ಲೀಷ್ನಾಗೇ ಅಂದ್ಲಾ?"

"ಎರಡೂ ಇಂಗ್ಲಿಷಿನಲ್ಲೇ."

ಕಾಟಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡು ಕಿಟಕಿಯಿಂದ ಇಳಿದು ಹೋದ. ಹುಡುಗಿ ಅಪ್ಪ ಹೋದ ಕಡೆಯೇ ನೋಡುತ್ತಾ ನಿಂತಳು. ಗಂಟೆ ಹೊಡೆಯುವ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಗಲಾಟೆ ಕೇಳಿಸಿತು. ನೋಡಿದರೆ ಕಾಟಪ್ಪ ಸೊಟ್ಟ ಕೊಂಬಿನ ಟಗರನ್ನು ಹಿಡಿದು ತರುತ್ತಿದ್ದ. ನೇರ ದಾರಿ ಬಿಟ್ಟು, ಎಸ್ ಮನೆ ನೋ ಮನೆ ಎನ್ನದೆ ಎಲ್ಲರ ಬಾಗಿಲ ಮುಂದೆಯೂ ನಿಂತು ಬಂದಿದ್ದ.

"ಯಾವನೋ ಕೇಳ್ದ ಅಂತ ಕೊಡ್ತಿಲ್ಲ ಕಣ್ರಲಾ! ಪಂಚಾಯ್ತಿ ಯೋಳ್ತು ಅಂತ್ಲೂ ಅಲ್ಲ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. "ನನ್ ಮಗಳು ಇನ್ಸ್‌ಪೆಕ್ಟ್ರ ಮುಂದೆ ಇಂಗ್ಲೀಷ್ನಾಗೆ ಯೋಳವ್ಳೆ. ಅದಕ್ಕೆ ಕೊಡ್ತಿವ್ನಿ. ಇಡ್ಕಳ್ಳಲಾ ಓಬಯ್ಯ ನಿನ್ ಟಗರ!"

ಟಗರನ್ನು ಕಳೆದುಕೊಂಡು ಇಷ್ಟು ಹೆಮ್ಮೆ ಪಟ್ಟ ಮನುಷ್ಯನನ್ನು ಮಧುಗಿರಿ ಸೀಮೆ ಅದಕ್ಕೆ ಮೊದಲು ಕಂಡಿರಲಾರದು. ಮಹಾಲಿಂಗಯ್ಯನವರು ಅರ್ಜಿಯನ್ನು ಮಡಿಚಿ ಜೇಬಿಗಿಟ್ಟರು. ಪ್ರಶ್ನೆ ಕೇಳುವ ಈ ವಿಧಾನವನ್ನು ಉಳಿದ ಶಾಲೆಗಳ ಮೇಷ್ಟ್ರುಗಳಿಗೂ ತಿಳಿಸಿಕೊಡಬೇಕೆಂದು ಪರ್ವತಯ್ಯನವರಿಗೆ ಹೇಳಿ, ಹೆಡ್‌ಮಾಸ್ತರರು ತರಿಸಿದ ಎರಡನೇ ಲೋಟ ಕಾಫಿ ಕುಡಿದು ಬಸ್ಸು ಹತ್ತಿದರು. ರಾಜಲಕ್ಷ್ಮಮ್ಮ ಸುದ್ದಿ ಕೇಳಿ ಹೋಳಿಗೆಗೆ ಬೇಳೆ ಇಟ್ಟರು.

ಹೋಳಿಗೆ ಇನ್ನೂ ಹಂಚಿನ ಮೇಲಿರುವಾಗಲೇ ಓಬಯ್ಯ ಬಂದ. ಜತೆಗೆ ಮಗ ಜುಂಜಪ್ಪ, ಹಗ್ಗದ ತುದಿಯಲ್ಲಿ ಟಗರು. ಮೂವರಲ್ಲಿ ಯಾರ ಮುಖದಲ್ಲೂ ಗೆಲುವಿರಲಿಲ್ಲ.

"ಏನು ಓಬಯ್ಯ, ಟಗರು ಬಂತಲ್ಲ?" ಎಂದರು ಮೇಷ್ಟ್ರು.

"ಬಂತು ಸಾರ್, ಬರದೇನು" ಎಂದ ಓಬಯ್ಯ ಕುಕ್ಕರಗಾಲಲ್ಲಿ ಕೂರುತ್ತಾ. "ಟಗರಿನ ಮಾತು ಯಾರೂ ಆಡ್ತಿಲ್ಲ ಸಾರ್. ಊರೆಲ್ಲ ಕಾಟಪ್ಪನ ಮಗಳ ಮಾತೇ. ನಮ್ಮವ್ವ ಸೈತ ಅವಳಿಗೆ ದೃಷ್ಟಿ ತೆಗೆದು ಬಂದ್ಬುಟ್ಲು. ನನ್ ಮಗ ಏನ್ ಮಾಡ್ದ ಅಂತ ಕೇಳಿದ್ರೆ, ಇನ್ಸ್‌ಪೆಕ್ಟ್ರ ಮುಂದೆ ಕೆಮ್ಮಿದ್ದು ಅವನೇ ಅಂತಾರೆ." ಅವನು ಮಗನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದ. "ಮುಂದಿನ ಸಲ ಸಾಹೇಬ್ರು ಬಂದಾಗ ಇವನಿಗೊಂದು ಪ್ರಶ್ನೆ ಹಾಕ್ಬೇಕು ಸಾರ್. ಅಂಗೇ ಉದ್ದಕ್ಕೆ ಯೋಳ್ಬೇಕು, ನಮ್ಮಪ್ಪ ಅಂತ ಸೇರಿಸ್ಕಂಡು. ಮುಂದಿನ ಪಾಠದಾಗೆ ಯಾವ ಮಾತು ಬತ್ತದೆ?"

ಮೇಷ್ಟ್ರು ಪುಸ್ತಕ ತೆರೆದು ನೋಡಿದರು. "ಗಿಫ್ಟ್."

"ಅಂದ್ರೆ?"

"ಅಂದರೆ..." ಎಂದು ಮೇಷ್ಟ್ರು ತಡೆದರು. ಈ ಸಲ ಹೆಸರುಗಳನ್ನೂ ಮುಖಗಳನ್ನೂ ಒಂದೊಂದಾಗಿ ನೋಡಿಕೊಂಡೇ ಮಾತಾಡಿದರು. "ಅಂದರೆ ಪ್ರೀತಿಯಿಂದ ಪೂರ್ತಿ ಕೊಟ್ಟುಬಿಡೋದು ಓಬಯ್ಯ. ಒಂದು ಸಲ ಕೊಟ್ಟ ಮೇಲೆ ಅದು ನಮ್ಮದಲ್ಲ. ಯಾವತ್ತೂ ವಾಪಸ್ ಕೇಳೋ ಹಾಗಿಲ್ಲ. ನಿನ್ನ ಮಗ ಸರಿಯಾಗಿ ಹೇಳಿದರೆ, ಆಮೇಲೆ ನೀನು ಬೇಡ ಅಂದರೂ ನಡೆಯಲ್ಲ. ಯೋಚನೆ ಮಾಡು."

ಓಬಯ್ಯ ಟಗರಿನ ಸೊಟ್ಟ ಕೊಂಬನ್ನು ನೇವರಿಸಿದ. ಮೂರು ವರ್ಷ ಎದುರು ನೋಡಿದ್ದ ಟಗರು, ಮನೆಗೆ ಬಂದು ಒಂದು ಹೊತ್ತೂ ಆಗಿರಲಿಲ್ಲ. ಮಗನ ಮುಖ ನೋಡಿದ. ಹುಡುಗ ಅಪ್ಪನನ್ನೇ ದಿಟ್ಟಿಸುತ್ತಾ ತುಟಿಯಲ್ಲೇ ಏನೋ ಇಂಗ್ಲಿಷ್ ಕೂಡಿಸುತ್ತಿದ್ದ.

"ಇವನನ್ನೇ ಕೇಳಿ ಸಾರ್" ಎಂದ ಓಬಯ್ಯ, ಹಗ್ಗವನ್ನು ಮಗನ ಕೈಗೆ ಕೊಟ್ಟು. "ಟಗರನ್ನೇ ಇಟ್ಕಂಡು ಕೇಳಿ, ಕೊಟ್ಟೋನು ನಾನು, ಈಸ್ಕಂಡೋನು ಕಾಟಪ್ಪ ಅಂತ."